ಎರಡೂ ಎಡಗೈ ತೋಳು: ಒಂದು ಟ್ಯಾರೋ ಕಟ್ಟು, ನಾಲ್ಕು ಭಾನುವಾರದ ಕ್ಲಾಸು

ಮಾರ್ಕ್ಸ್ ಮೊದಲೇ ಹೇಳಿಬಿಡುತ್ತೇನೆ. ಟ್ಯಾರೋ ಎಲೆಗಳಿಗೆ, ಅಂದರೆ ಜನ ಭವಿಷ್ಯ ನೋಡಲು ಬಳಸುವ ಇಸ್ಪೀಟಿನಂಥ ಚಿತ್ರದ ಎಲೆಗಳಿಗೆ, ಐದಕ್ಕೆ ನಾಲ್ಕು, ಕ್ಲಾಸಿಗೆ ಐದಕ್ಕೆ ಎರಡೂವರೆ. ಕ್ಲಾಸಿನ ಹೆಸರು ಹಾಕುವುದಿಲ್ಲ. ಅವರಿಂದ ಒಳ್ಳೆಯದೂ ಆಗಿದೆ, ಬೇಜಾರೂ ಆಗಿದೆ. ಊರು ಮೈಸೂರು, ಒಂದು ಮನೆಯ ಮಹಡಿ, ನಾಲ್ಕು ಭಾನುವಾರ, ಬೆಳಿಗ್ಗೆ ಹತ್ತರಿಂದ ಹನ್ನೆರಡು, ಫೀಸು ಮೂರು ಸಾವಿರ. ಕಲಿಸಿದ್ದು ಟ್ಯಾರೋ ಎಲೆ ಮುಂದಿಟ್ಟುಕೊಂಡು ಬೌದ್ಧರ ಮೈತ್ರಿ ಧ್ಯಾನ, ಅಂದರೆ ಸುಖವಾಗಿರಲಿ ಅಂತ ಮನಸ್ಸಿನಲ್ಲೇ ಹಾರೈಸುವುದು. ತನ್ನ ಮೇಲೆ ತನಗೇ ಕರುಣೆ ಬರಿಸಿಕೊಳ್ಳುವುದು ಹೇಗೆ ಅನ್ನುವುದು ವಿಷಯ.

ನಾನು ಬ್ಲೌಸ್ ಹೊಲಿಯುವವಳು. ಮನೆಯ ಮುಂದಿನ ರೂಮೇ ಅಂಗಡಿ, ಇಪ್ಪತ್ತೆರಡು ವರ್ಷದ ಕಸುಬು. ಇಂಥವಳಿಗೆ ಈ ಕ್ಲಾಸು ಯಾಕೆ ಬೇಕಿತ್ತು ಅಂದರೆ ಒಂದು ತೋಳಿನ ಕತೆ ಹೇಳಬೇಕು.

ಹೋದ ವರ್ಷ ಮದುವೆ ಸೀಸನ್ನಿನಲ್ಲಿ ಧಾರೆ ಸೀರೆಯ ಬ್ಲೌಸೊಂದು ಬಂತು. ಸೀರೆಯ ಜೊತೆಯಲ್ಲೇ ಬಂದ ಪೀಸು, ಮೀಟರಿಗೂ ಕಮ್ಮಿ, ಜರಿ ಬಾರ್ಡರು ಒಂದೇ ಅಂಚಿಗೆ. ಬಾರ್ಡರು ತೋಳಿಗೆ ಬರಬೇಕಾದರೆ ಬಟ್ಟೆಯನ್ನು ಎದುರುಬದುರು ಮಡಚಿ ಕತ್ತರಿಸಬೇಕು, ಆಗಲೇ ಒಂದು ಎಡ, ಒಂದು ಬಲ ಆಗುತ್ತದೆ. ಇದು ಮೊದಲ ವಾರ ಕಲಿಯಲು ಬಂದ ಹುಡುಗಿಗೂ ಗೊತ್ತು. ಆವತ್ತು ಕರೆಂಟ್ ಇರಲಿಲ್ಲ, ಫೋನಿನಲ್ಲಿ ಇನ್ನೊಬ್ಬರು ಫಾಲ್ ಹಾಕಿದ್ದಾಯ್ತಾ ಅಂತ ಕೇಳುತ್ತಿದ್ದರು. ನಾನು ಒಂದರ ಮೇಲೊಂದು ಹಾಗೇ ಇಟ್ಟು ಕತ್ತರಿ ಆಡಿಸಿಬಿಟ್ಟೆ. ಬಿಡಿಸಿ ನೋಡಿದರೆ ಎರಡೂ ಎಡಗೈ ತೋಳು.

ಆಮೇಲೆ ಸಂತೇಪೇಟೆಯಲ್ಲಿ ಹತ್ತಿರದ ಬಣ್ಣದ ರೇಷ್ಮೆ ಹುಡುಕಿ, ಕಂಕುಳ ಕೆಳಗೆ ಪಟ್ಟಿ ಕೊಟ್ಟು ಸರಿಮಾಡಿದೆ. ಮುಚ್ಚಿಡಲಿಲ್ಲ, ಹುಡುಗಿಯ ತಾಯಿಗೆ ಹೇಳಿದೆ. ಆಕೆ ಬೆರಳಾಡಿಸಿ ನೋಡಿ, "ಬಿಡೀಮ್ಮಾ, ಕೈ ಎತ್ತಿದರೆ ತಾನೆ ಕಾಣೋದು, ಧಾರೆ ಎರೆಯೋವಾಗ ಕೈ ಕೆಳಗೇ ಇರುತ್ತೆ" ಅಂದು ನಕ್ಕರು. ಮದುವೆ ಆಯಿತು. ನನಗೆ ಮಾತ್ರ ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುವುದು ಶುರುವಾಯಿತು. ಮೂರಕ್ಕೆ ಎದ್ದು ಕೂತರೆ ಆ ತೋಳು, ಅದರ ಹಿಂದೆ ಹತ್ತು ವರ್ಷದ ಹಿಂದಿನ ಇನ್ಯಾವುದೋ ಕುತ್ತಿಗೆ ಪಟ್ಟಿ, ಅದರ ಹಿಂದೆ ಅಪ್ಪನಿಗೆ ಯಾವಾಗಲೋ ಆಡಿದ ಮಾತು. ನಾಲ್ಕು ತಿಂಗಳು ಹೀಗೇ. ಡಾಕ್ಟರ ಹತ್ತಿರ ಹೋದೆ, ಥೈರಾಯ್ಡ್ ನೋಡಿದರು, ಸರಿಯಿದೆ ಅಂದರು. ಕ್ಲಾಸಿನ ವಿಷಯ ಹೇಳಿದ್ದು ನಮ್ಮ ಗಿರಾಕಿಯೊಬ್ಬರು, ಕಾಲೇಜಿನಲ್ಲಿ ಪಾಠ ಮಾಡುವವರು.

ಅಮ್ಮನಿಗೆ ಎಲೆ ತೋರಿಸಿದಾಗ ಕೇಳಿದ್ದು ಒಂದೇ ಪ್ರಶ್ನೆ: "ಗಿಳಿ ಎಲ್ಲಿ?" ಗಿಳಿ ಶಾಸ್ತ್ರದವನು ಮರದಡಿ ಕೂತು, ಪಂಜರದ ಬಾಗಿಲು ತೆಗೆದು, ಗಿಳಿಯ ಕೈಲಿ ಎಲೆ ಎತ್ತಿಸುತ್ತಿದ್ದುದನ್ನು ಕಂಡವರು ಅವರು. "ಗಿಳೀನ ಬಿಟ್ಟು ನೀನೇ ಎತ್ಕೋತೀಯಾ? ಅದಕ್ಕೆ ಮೂರು ಸಾವಿರವಾ?" ನನಗೂ ಅದೇ ಅನುಮಾನ ಇತ್ತು.

ಎಲೆಗಳ ವಿಷಯಕ್ಕೆ ಬರುತ್ತೇನೆ. ಒಟ್ಟು 78. ಅದರಲ್ಲಿ 22 ದೊಡ್ಡವು: ಹುಚ್ಚ, ಸನ್ಯಾಸಿ, ಸಾವು, ನಕ್ಷತ್ರ, ಹೀಗೆ. ಉಳಿದ 56 ನಮ್ಮ ಇಸ್ಪೀಟಿನ ಹಾಗೆ ನಾಲ್ಕು ಬಗೆ: ಕೋಲು, ಬಟ್ಟಲು, ಕತ್ತಿ, ನಾಣ್ಯ. ಹದಿನೈದನೇ ಶತಮಾನದಲ್ಲಿ ಇಟಲಿಯ ಉತ್ತರ ಭಾಗದಲ್ಲಿ ಹುಟ್ಟಿದಾಗ ಇದು ಬರೀ ಆಟ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಗಂಜೀಫಾ ಎಲೆಗಳಂತೆ ಅಂದುಕೊಳ್ಳಿ. ಭವಿಷ್ಯ ಹೇಳುವ ಉಸಾಬರಿ ಅಂಟಿಕೊಂಡಿದ್ದು ಹದಿನೆಂಟನೇ ಶತಮಾನದಲ್ಲಿ, ಆಟ ಹುಟ್ಟಿ ಮುನ್ನೂರು ವರ್ಷದ ಮೇಲೆ. ಇದು ಗೊತ್ತಾದ ಮೇಲೆ ನನ್ನ ಭಯ ಅರ್ಧ ಹೋಯಿತು.

ಮೊದಲು ತರಿಸಿದ್ದು ಆನ್‌ಲೈನಿನಲ್ಲಿ 349 ರೂಪಾಯಿಯ ನಕಲು ಕಟ್ಟು. ಅಂಚು ಒರಟು, ಹಳದಿ ಬಣ್ಣವೆಲ್ಲ ಸಾಸಿವೆ ಎಣ್ಣೆ ಬಿದ್ದ ಹಾಗೆ. ಎಣಿಸಿದರೆ 78 ಇದೆ, ಆದರೆ 'ಬಟ್ಟಲು ಆರು' ಎರಡು ಸಲ ಬಂದು 'ನಕ್ಷತ್ರ' ಕಾಣೆ. ನಕ್ಷತ್ರ ಅಂದರೆ ಈ ಕಟ್ಟಿನಲ್ಲಿ ಭರವಸೆಯ ಎಲೆ. ಭರವಸೆಯೇ ಬಂದಿಲ್ಲ ಅಂತ ಕಂಪ್ಲೇಂಟ್ ಬರೆದರೆ, ಪ್ಯಾಕ್ ಒಡೆದಿದ್ದೀರಿ, ವಾಪಸ್ ತಗೊಳ್ಳಲ್ಲ ಅಂದರು. ಒಡೆಯದೆ ಎಣಿಸುವುದು ಹೇಗೆ? ಆಮೇಲೆ ಹೊಟ್ಟೆ ಗಟ್ಟಿ ಮಾಡಿ 1,300 ಕೊಟ್ಟು ಒಳ್ಳೆಯ ಅಚ್ಚಿನದು ತಗೊಂಡೆ. ಟೇಪು ಹಿಡಿದು ನೋಡಿದೆ: ಉದ್ದ ನಾಲ್ಕೂಮುಕ್ಕಾಲು ಇಂಚು, ಅಗಲ ಎರಡೂಮುಕ್ಕಾಲು. ಚಿತ್ರದ ಸಣ್ಣ ಸಣ್ಣ ಗೆರೆ ಕಾಣಬೇಕಾದರೆ ಈ ಅಳತೆ ಬೇಕೇ ಬೇಕು. ಒಂದು ಮಾರ್ಕ್ಸ್ ಕಳೆದಿದ್ದು ಯಾಕೆ ಅಂದರೆ, ಮಳೆಗಾಲದಲ್ಲಿ ಎಲೆಗಳು ಹಪ್ಪಳದ ಹಾಗೆ ಬಾಗುತ್ತವೆ. ರಾತ್ರಿ ಇಸ್ತ್ರಿ ಪೆಟ್ಟಿಗೆಯನ್ನು, ಬಿಸಿಯಿಲ್ಲದ್ದು ಮತ್ತೆ, ಮೇಲಿಟ್ಟು ಮಲಗುತ್ತೇನೆ.

ಈ ಚಿತ್ರಗಳನ್ನು ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. 1878ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಹೆಂಗಸು. ಆರ್ಥರ್ ಎಡ್ವರ್ಡ್ ವೇಟ್ ಎಂಬುವರು ಬರೆಸಿದರು, ರೈಡರ್ ಎಂಬ ಪ್ರಕಾಶಕರು 1909ರಲ್ಲಿ ಅಚ್ಚು ಹಾಕಿದರು. ಅದಕ್ಕೇ ಬಹಳ ಕಾಲ ಇದಕ್ಕೆ 'ರೈಡರ್-ವೇಟ್' ಅಂತಲೇ ಹೆಸರು. ಬರೆಸಿದವನ ಹೆಸರಿದೆ, ಅಚ್ಚು ಹಾಕಿದವನ ಹೆಸರಿದೆ, ಬರೆದವಳದ್ದಿಲ್ಲ. ಆ ವರ್ಷವೇ ಆಕೆ ಪರಿಚಯದವರೊಬ್ಬರಿಗೆ ಪತ್ರ ಬರೆದು, ದೊಡ್ಡ ಕೆಲಸ, ಕಾಸು ಬಲು ಕಮ್ಮಿ ಅಂತ ಹೇಳಿಕೊಂಡಿದ್ದಾರೆ. ಇದನ್ನು ಕೇಳಿ ನನಗೆ ಆಕೆಯ ಮೇಲೆ ಒಂದು ಬಗೆಯ ಸಲಿಗೆ ಬಂದುಬಿಟ್ಟಿತು. ಪೀಸ್ ರೇಟಿನ ಕಷ್ಟ ಎಲ್ಲಾ ಕಡೆಯೂ ಒಂದೇ. ಆದರೂ ಆಕೆ ಒಂದು ಕೆಲಸ ಮಾಡಿದ್ದಾರೆ: ಎಲೆಗಳ ಮೂಲೆಯಲ್ಲಿ ಹಾವು ಸುತ್ತಿದಂತೆ ತನ್ನ ಹೆಸರಿನ ಮೂರಕ್ಷರ ಹೆಣೆದಿದ್ದಾರೆ. ಹುಡುಕಿದರೆ ಸಿಗುತ್ತದೆ. ನಾನು ಹೊಲಿದ ಬ್ಲೌಸಿನ ಒಳಗೆ ಅಷ್ಟೂ ಇರುವುದಿಲ್ಲ.

ಇನ್ನು ಕ್ಲಾಸು. ನಾವು ಒಂಬತ್ತು ಜನ. ಕಲಿಸುವ ಮೇಡಂ ಮೊದಲು ಕಂಪನಿಯೊಂದರಲ್ಲಿ ದೊಡ್ಡ ಕೆಲಸದಲ್ಲಿದ್ದವರು. ಅರ್ಧ ಇಂಗ್ಲಿಷು, ಅರ್ಧ ಕನ್ನಡ, ಮಧ್ಯೆ ಮಧ್ಯೆ ಹಳೆಯ ಬೌದ್ಧ ಗ್ರಂಥಗಳ ಪಾಳಿ ಭಾಷೆ. ಊದಿನಕಡ್ಡಿ ಜಾಸ್ತಿ, ಕಿಟಕಿ ಕಮ್ಮಿ. ಆದರೆ ವಿಧಾನ ಮಾತ್ರ ನಿಜಕ್ಕೂ ಚೆನ್ನಾಗಿತ್ತು, ಅದನ್ನು ಒಪ್ಪಲೇಬೇಕು. ಹತ್ತು ನಿಮಿಷ ಉಸಿರಿನ ಮೇಲೆ ಗಮನ. ಆಮೇಲೆ ಕಣ್ಣು ಮುಚ್ಚಿ ಒಂದು ಎಲೆ ಎತ್ತುವುದು. ಜೊತೆಗೆ ಕೊಡುವ ಅರ್ಥದ ಪುಸ್ತಕ ಮುಟ್ಟುವ ಹಾಗಿಲ್ಲ. ಮೊದಲು ಚಿತ್ರದಲ್ಲಿ ಏನೇನಿದೆ ಅಂತ ಹೇಳುವುದು, ಬರೀ ವಸ್ತುಗಳು, ಅಭಿಪ್ರಾಯ ಬೇಡ. ಆಮೇಲೆ ಅದನ್ನು ನೋಡುವಾಗ ಮೈಯಲ್ಲಿ ಎಲ್ಲಿ ಏನಾಗುತ್ತಿದೆ ಅಂತ. ಕಡೆಗೆ ಚಿತ್ರದಲ್ಲಿರುವವರು ನಿಮ್ಮ ಪಕ್ಕದಲ್ಲಿ ಕೂತಿದ್ದರೆ ಏನು ಹೇಳುತ್ತೀರಿ ಅಂತ. ಅದರ ನಂತರ ಮೈತ್ರಿಯ ಸಾಲುಗಳು.

ಮೊದಲ ಭಾನುವಾರ ಸೋತೆ. ಬೌದ್ಧ ಪಂಡಿತ ಬುದ್ಧಘೋಷರ 'ವಿಸುದ್ಧಿಮಗ್ಗ' ಐದನೇ ಶತಮಾನದ ಗ್ರಂಥ. ಅದರಲ್ಲಿ ಮೈತ್ರಿ ಭಾವನೆಯನ್ನು ತನ್ನಿಂದಲೇ ಶುರುಮಾಡಬೇಕು ಅಂತ ಇದೆ, ಆಮೇಲೆ ಪ್ರೀತಿಯವರು, ಆಮೇಲೆ ಪರಿಚಯ ಅಷ್ಟಕ್ಕಷ್ಟೇ ಇರುವವರು, ಕೊನೆಗೆ ಆಗದವರು. 'ಅಹಂ ಸುಖಿತೋ ಹೋಮಿ' ಅನ್ನುವುದು ಪಾಳಿ. ಮೇಡಂ ಅದನ್ನು ಕನ್ನಡಕ್ಕೆ ತಂದು 'ನಾನು ಸುಖವಾಗಿರಲಿ' ಅಂತ ಹೇಳಿಸಿದರು. ಬಾಯಿಗೇ ಬರಲಿಲ್ಲ. ಯಾಕೆ ಅಂತ ಮನೆಗೆ ಬಂದು ಹೆಮ್ಮಿಂಗ್ ಮಾಡುವಾಗ ಹೊಳೆಯಿತು. ನಮ್ಮ ಭಾಷೆಯಲ್ಲಿ ಈ 'ಲಿ' ಬೇರೆಯವರಿಗೆ ಹರಸುವುದಕ್ಕೆ. ಮಗು ಚೆನ್ನಾಗಿರಲಿ, ಮಳೆ ಬರಲಿ, ಅವಳಿಗೆ ಒಳ್ಳೆಯದಾಗಲಿ. 'ನಾನು' ಅಂತ ಮುಂದೆ ಹಾಕಿದ ತಕ್ಷಣ ಅದು ಅಪ್ಪಣೆ ಕೇಳುವ ಮಾತಾಗಿಬಿಡುತ್ತದೆ: ನಾನು ಬರಲಿ? ನಾನು ಏನು ಮಾಡಲಿ? ನಾನು ಸುಖವಾಗಿರಲಿ? ಯಾರನ್ನು ಕೇಳುತ್ತಿದ್ದೇನೆ, ಯಾರು ಹೂಂ ಅನ್ನಬೇಕು? ಅಲ್ಲಿ ಕೂತಿದ್ದ ಇನ್ನಿಬ್ಬರ ದನಿಯೂ ಆ ಸಾಲಿಗೆ ಬಂದಾಗ ಸಣ್ಣದಾಗಿದ್ದನ್ನು ನಾನು ಕೇಳಿದ್ದೇನೆ.

ಎರಡನೇ ಭಾನುವಾರ ನನಗೆ ಬಂದ ಎಲೆ 'ಕತ್ತಿ ಒಂಬತ್ತು'.

ಕಪ್ಪು ಗೋಡೆ. ಅದರ ಮೇಲೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡಡ್ಡ ಒಂಬತ್ತು ಕತ್ತಿ. ಕೆಳಗೆ ಹಾಸಿಗೆಯಲ್ಲಿ ಬಿಳಿ ಬಟ್ಟೆಯ ಹೆಂಗಸು ಎದ್ದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಾಳೆ. ಗಡಿಯಾರ ಇಲ್ಲ, ಆದರೆ ನನಗೆ ಗಂಟೆ ಗೊತ್ತಾಯಿತು. ಮೂರು.

'ಏನೇನಿದೆ ಹೇಳಿ' ಅಂದಾಗ ಬೇರೆಯವರಾದರೆ ಕತ್ತಿಯಿಂದ ಶುರುಮಾಡುತ್ತಿದ್ದರೇನೋ. ನಾನು ಹೊದಿಕೆಯಿಂದ ಶುರುಮಾಡಿದೆ. ಅದು ಕೌದಿ ಕಣ್ರೀ. ಚೌಕ ಚೌಕ ತುಂಡು ಸೇರಿಸಿ ಮಾಡಿದ್ದು, ಒಂದು ಬಿಟ್ಟು ಒಂದರಲ್ಲಿ ಕೆಂಪು ಗುಲಾಬಿ, ನಡುವಿನ ಚೌಕಗಳಲ್ಲಿ ರಾಶಿ, ಗ್ರಹಗಳ ಗುರುತು. ಇಂಥ ಕೌದಿ ಹೊಲಿಯಲು ಎಷ್ಟು ದಿನ ಹಿಡಿಯುತ್ತದೆ ಅಂತ ನನಗೆ ಗೊತ್ತು. ಅಷ್ಟು ಚೌಕ ಅಳತೆ ತಪ್ಪದೆ ಕೂಡಿಸುವುದು ಹುಡುಗಾಟ ಅಲ್ಲ. ಯಾರೋ ಇವಳಿಗಾಗಿ ಕೂತು ಹೊಲಿದಿದ್ದಾರೆ, ಇಲ್ಲವೇ ಇವಳೇ ಹೊಲಿದುಕೊಂಡಿದ್ದಾಳೆ. ಅದು ಕಾಲ ಮೇಲಿದೆ, ಬೆಚ್ಚಗಿದೆ, ಆದರೆ ಇವಳು ಮುಖ ಮುಚ್ಚಿಕೊಂಡಿರುವುದರಿಂದ ಕಾಣುತ್ತಿಲ್ಲ. ಆಮೇಲೆ ನೋಡಿದರೆ ಕತ್ತಿಗಳೂ ಅಷ್ಟೇ, ಹಿಂದೆ ಗೋಡೆಯ ಮೇಲಿವೆ. ಒಂದೂ ಅವಳಿಗೆ ಚುಚ್ಚಿಲ್ಲ.

'ಪಕ್ಕದಲ್ಲಿ ಕೂತಿದ್ದರೆ ಏನು ಹೇಳುತ್ತೀರಿ' ಅಂದರು ಮೇಡಂ. ನನ್ನ ಬಾಯಿಂದ ತಾನಾಗಿ ಬಂದ ಮಾತು, "ಅಯ್ಯೋ, ಪಾಪ."

ಅಷ್ಟೇ. ಆ ಮಾತು ಬಂದು ಆಚೆ ಬಿದ್ದ ಮೇಲೆ ಸುಮಾರು ಹೊತ್ತು ಅತ್ತೆ, ಊದಿನಕಡ್ಡಿಯ ಹೊಗೆಗೆ ಅಂತ ನೆಪ ಹೇಳಿದೆ. ನಾಲ್ಕು ತಿಂಗಳಿಂದ ನಾನು ನನಗೆ ಹೇಳಿಕೊಳ್ಳುತ್ತಿದ್ದುದೂ ಅದೇ ಎರಡಕ್ಷರ. 'ಪಾಪ ಮಾಡಿದೆ, ಒಬ್ಬ ಹುಡುಗಿಯ ಧಾರೆ ಬ್ಲೌಸು ಹಾಳುಮಾಡಿದ ಪಾಪ.' ಅದೇ ಪದ ಆ ಹೆಂಗಸಿನ ವಿಷಯಕ್ಕೆ ಬಂದಾಗ ಬೇರೆಯೇ ಅರ್ಥದಲ್ಲಿ ಬಂತು. ಒಂದೇ ಪದದಲ್ಲಿ ತಪ್ಪನ್ನೂ ಮರುಕವನ್ನೂ ಇಟ್ಟವರು ಯಾರೋ, ಅವರಿಗೆ ನಮಸ್ಕಾರ. ಆವತ್ತಿನಿಂದ ನಾನು ಮೈತ್ರಿಯ ಸಾಲನ್ನು ನನ್ನ ಅಳತೆಗೆ ಹಿಡಿದು ಹೊಲಿದುಕೊಂಡೆ. 'ನಾನು' ತೆಗೆದು ಹಾಕಿದೆ. 'ಪಾಪ, ಇವಳು ಸುಖವಾಗಿರಲಿ. ಇವಳಿಗೆ ನಿದ್ದೆ ಬರಲಿ.' ಹೀಗೆ ಹೇಳಿದರೆ 'ಲಿ' ಸರಿಯಾಗಿ ಕೂರುತ್ತದೆ. ಇವಳು ಅಂದರೆ ಯಾರು ಅಂತ ಎಲೆಯವಳಿಗೂ ಗೊತ್ತು, ನನಗೂ ಗೊತ್ತು.

ಮೇಡಂಗೆ ಹೇಳಿದಾಗ, ಹಾಗೆಲ್ಲ ಸಾಲು ಬದಲಾಯಿಸಬಾರದು ಅಂದರು. ಅರ್ಧ ಮಾರ್ಕ್ಸ್ ಅಲ್ಲಿ ಹೋಯಿತು.

ಅದೇ ದಿನ ಅವರು ಹೇಳಿದ ಮಲ್ಲಿಕೆಯ ಕತೆ ಮಾತ್ರ ಬಹಳ ಹಿಡಿಸಿತು. 'ಉದಾನ' ಅನ್ನುವ ಪಾಳಿ ಗ್ರಂಥದಲ್ಲಿದೆ. ಕೋಸಲದ ರಾಜ ಪಸೇನದಿ ಅರಮನೆಯ ಮಹಡಿಯಲ್ಲಿ ಹೆಂಡತಿಯನ್ನು ಕೇಳುತ್ತಾನೆ, ಮಲ್ಲಿಕಾ, ನಿನಗಿಂತ ನಿನಗೆ ಪ್ರಿಯರಾದವರು ಯಾರಾದರೂ ಇದ್ದಾರಾ ಅಂತ. ನೀವೇ ಅನ್ನುತ್ತಾಳೆ ಅಂತ ಅವನ ನಿರೀಕ್ಷೆ ಇದ್ದಿರಬೇಕು, ಗಂಡಸರ ಪ್ರಶ್ನೆ ಅದು. ಅವಳು ಇಲ್ಲ ಮಹಾರಾಜ, ಯಾರೂ ಇಲ್ಲ, ನಿಮಗೆ? ಅನ್ನುತ್ತಾಳೆ. ಅವನೂ ಯೋಚಿಸಿ, ನನಗೂ ಇಲ್ಲ ಅನ್ನುತ್ತಾನೆ. ಬುದ್ಧನ ಹತ್ತಿರ ಹೋಗಿ ಹೇಳಿದರೆ, ಬುದ್ಧ ಅವಳನ್ನು ಬೈಯುವುದಿಲ್ಲ. ಎಲ್ಲ ದಿಕ್ಕು ಹುಡುಕಿದರೂ ತನಗಿಂತ ಪ್ರಿಯವಾದದ್ದು ಸಿಗುವುದಿಲ್ಲ, ಬೇರೆಯವರಿಗೂ ಹಾಗೇ ಅವರವರು ಪ್ರಿಯ, ಆದ್ದರಿಂದ ಯಾರನ್ನೂ ನೋಯಿಸಬೇಡ ಅನ್ನುತ್ತಾನೆ. ಹೆಂಗಸು ತನ್ನನ್ನು ಕೊನೆಯಲ್ಲಿ ಬಡಿಸಿಕೊಳ್ಳಬೇಕು ಅಂತ ಕಲಿತು ಬೆಳೆದ ನಮಗೆ ಇದು ಹೊಸ ಅಳತೆ.

ಅವರು ಹೇಳದೆ ಬಿಟ್ಟಿದ್ದು ಒಂದಿದೆ, ಆಮೇಲೆ ಆ ಕಾಲೇಜಿನ ಗಿರಾಕಿಯಿಂದ ತಿಳಿಯಿತು. ಬುದ್ಧಘೋಷರು ತನ್ನಿಂದ ಶುರುಮಾಡು ಅಂದಿದ್ದು ತನ್ನನ್ನು ಸಾಕ್ಷಿಯಾಗಿ ಇಟ್ಟುಕೊಳ್ಳಲು: ನನಗೆ ಸುಖ ಬೇಕು, ಹಾಗೇ ಅವರಿಗೂ. ಬರೀ ತನಗೇ ನೂರು ವರ್ಷ ಹೇಳಿಕೊಂಡು ಕೂತರೂ ಧ್ಯಾನ ಸಿದ್ಧಿಸುವುದಿಲ್ಲ ಅಂತಲೂ ಅವರೇ ಹೇಳಿದ್ದಾರೆ. ಇದನ್ನು ಬಿಟ್ಟು ಹೇಳಿದರೆ ಇಡೀ ವಿಷಯ ಬ್ಯೂಟಿ ಪಾರ್ಲರಿನ ಹಾಗೆ ಕೇಳಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ಈ ಸ್ವಕರುಣೆಯನ್ನು ಬೌದ್ಧ ವಿಚಾರದಿಂದಲೇ ತೆಗೆದುಕೊಂಡು ಮೂರು ಭಾಗ ಮಾಡಿದಾಗಲೂ, ತನಗೆ ಮೃದುವಾಗಿರುವುದು, ಆಗುತ್ತಿರುವುದನ್ನು ಇದ್ದ ಹಾಗೆ ನೋಡುವುದು, ಇವುಗಳ ಜೊತೆಗೆ 'ಇದು ನನಗೊಬ್ಬಳಿಗೇ ಆಗಿದ್ದಲ್ಲ' ಅನ್ನುವುದನ್ನೂ ಇಟ್ಟಿದ್ದಾರೆ. ಎರಡು ಎಡಗೈ ತೋಳು ಕತ್ತರಿಸದ ಟೈಲರ್ ಇದ್ದರೆ ಕರೆದುಕೊಂಡು ಬನ್ನಿ.

ಮೂರನೇ ಭಾನುವಾರ ಎರಡು ಬಾಣದ ಸುತ್ತ. ಒಂದು ಬಾಣ ತಗುಲಿದವನಿಗೆ ಎರಡನೆಯದೂ ಬಂದು ನೆಟ್ಟರೆ ಹೇಗೋ, ಹಾಗೆ ಮೈನೋವಿನ ಮೇಲೆ ಮನಸ್ಸಿನ ನೋವನ್ನೂ ಹಚ್ಚಿಕೊಳ್ಳುತ್ತೇವೆ ಅಂತ. ಕತ್ತರಿ ತಪ್ಪಿದ್ದು ಒಂದು ಮಧ್ಯಾಹ್ನ, ಅದು ಮೊದಲನೆಯದು. ಮೂರು ಗಂಟೆಯದು ನಾನೇ ಬಿಟ್ಟುಕೊಂಡಿದ್ದು, ಅದೂ ನೂರಿಪ್ಪತ್ತು ರಾತ್ರಿ.

ನಾಲ್ಕನೇ ಭಾನುವಾರ ಹದಗೆಟ್ಟಿತು. ಪುಸ್ತಕ ಮುಟ್ಟಬೇಡಿ ಅಂದವರೇ ಪುಸ್ತಕ ತೆಗೆದು, 'ನಿಮ್ಮ ಮುಂದಿನ ಮೂರು ತಿಂಗಳು' ಅಂತ ಒಬ್ಬೊಬ್ಬರಿಗೂ ಹೇಳಲು ಶುರುಮಾಡಿದರು. ನನಗೆ 'ಸಾವು' ಎಲೆ ಬಂತು, ಬಿಳಿ ಕುದುರೆ ಮೇಲೆ ಅಸ್ಥಿಪಂಜರ. ಹೆದರಬೇಡಿ, ಬದಲಾವಣೆ ಅಂತಷ್ಟೇ ಅರ್ಥ ಅಂದು, ಬದಲಾವಣೆಗೆ ಒಳ್ಳೆಯದು ಅಂತ 1,200 ರೂಪಾಯಿಯ ಗುಲಾಬಿ ಸ್ಫಟಿಕ ಮುಂದಿಟ್ಟರು. ಎರಡನೇ ಹಂತದ ಕ್ಲಾಸಿಗೆ ಒಂಬತ್ತು ಸಾವಿರ. ಉಳಿದ ಎರಡು ಮಾರ್ಕ್ಸ್ ಹೋಗಿದ್ದು ಇಲ್ಲಿ.

ಆ ಬೇಜಾರಿನಲ್ಲೇ ಮುಂದಿನ ವಾರ ಬಸ್ ಹತ್ತಿ ಬೈಲಕುಪ್ಪೆಗೆ ಹೋದೆ. ಅಲ್ಲಿಯ ಟಿಬೆಟನ್ ಬೌದ್ಧರ ನಮ್ದ್ರೋಲಿಂಗ್ ಮಠ, ಗುರು ಪೆನೋರ್ ರಿಂಪೋಚೆ 1963ರಲ್ಲಿ ಕಟ್ಟಲು ಶುರುಮಾಡಿದ್ದು. ಜನ ಗೋಲ್ಡನ್ ಟೆಂಪಲ್ ಅಂತ ಸೆಲ್ಫಿ ತೆಗೆಯಲು ಹೋಗುತ್ತಾರೆ. ಹೊರಗೆ ಜಗುಲಿಯಲ್ಲಿ ಕೂತಿದ್ದ ಎಳೆಯ ಸನ್ಯಾಸಿಯೊಬ್ಬರು ಪಿರಿಯಾಪಟ್ಟಣದವರ ಹಾಗೇ ಕನ್ನಡ ಆಡುತ್ತಿದ್ದರು. ಬ್ಯಾಗಿನಿಂದ ಎಲೆ ತೆಗೆದು ತೋರಿಸಿ, ಇದು ತಪ್ಪಾ ಅಂತ ಕೇಳಿಯೇಬಿಟ್ಟೆ. ಕೌದಿಯವಳನ್ನು ಹತ್ತಿರ ಹಿಡಿದು ನೋಡಿದರು. "ಮುಂದೆ ಏನಾಗುತ್ತೆ ಅಂತ ಹೇಳಿ ಹೊಟ್ಟೆ ಹೊರೆಯೋದು ಭಿಕ್ಷುಗಳಿಗೆ ಬೇಡ ಅಂತ ಬುದ್ಧರು ಹೇಳಿದಾರೆ ಅಕ್ಕ. ಆದರೆ ನಮ್ಮಲ್ಲೂ ದಾಳ ಹಾಕಿ ಕೇಳೋರು ಇದಾರೆ" ಅಂದು ನಕ್ಕರು. ಆಮೇಲೆ, "ಇದನ್ನ ನೋಡಿದ್ರೆ ನಿಮಗೆ ಕೋಪ ಜಾಸ್ತಿ ಆಗುತ್ತಾ, ಕಮ್ಮಿ ಆಗುತ್ತಾ?" ಅಂದರು. ಕಮ್ಮಿ ಅಂದೆ. ಎಲೆ ವಾಪಸ್ ಕೊಟ್ಟು ಟೀ ಕುಡೀತೀರಾ ಅಂದರು.

ಹೊರದೇಶದ ದೇವರ ಸಹವಾಸ ಯಾಕೆ ಅಂತಲೂ ಅಮ್ಮನ ಗೊಣಗಾಟ ಇತ್ತು, ಅದಕ್ಕೆ ನನ್ನ ಹತ್ತಿರ ಒಂದು ಉತ್ತರ ಇದೆ. ಅವರು ಕೈಮುಗಿದು ಬಂದ ಮಂಗಳೂರಿನ ಕದ್ರಿ ಮಂಜುನಾಥನ ಗುಡಿಯಲ್ಲಿ ಮೂರು ಮುಖ, ಆರು ಕೈಯ ಕಂಚಿನ ಲೋಕೇಶ್ವರ ಇದ್ದಾನೆ. ಅಳುಪರ ದೊರೆ ಕುಂದವರ್ಮ 968ರಲ್ಲಿ ಪ್ರತಿಷ್ಠೆ ಮಾಡಿಸಿದ್ದು. ಕರುಣೆಯ ಬೋಧಿಸತ್ವ ಅವಲೋಕಿತೇಶ್ವರನೇ ಅವನು ಅನ್ನುವ ವಿದ್ವಾಂಸರಿದ್ದಾರೆ. ಅಮ್ಮ, "ನಾನು ನಮಸ್ಕಾರ ಹಾಕಿದ್ದು ಮಂಜುನಾಥನಿಗೆ" ಅಂದು ಟಿವಿ ಸೌಂಡು ಜಾಸ್ತಿ ಮಾಡಿದರು.

ತಗೊಳ್ಳಬೇಕಾ ಅಂತ ಕೇಳಿದರೆ: ಎಲೆ ತಗೊಳ್ಳಿ, ಒಳ್ಳೆಯ ಅಚ್ಚಿನದು, ಬಂದ ತಕ್ಷಣ ಎಣಿಸಿ, ವಿಡಿಯೋ ಮಾಡಿಕೊಂಡು ಎಣಿಸಿ. ಕ್ಲಾಸಿಗೆ ಮೊದಲ ಮೂರು ವಾರ ಹೋಗಿ, ನಾಲ್ಕನೆಯ ವಾರ ನೆಂಟರ ಮನೆಯಲ್ಲಿ ಗೃಹಪ್ರವೇಶ ಇಟ್ಟುಕೊಳ್ಳಿ. ಭವಿಷ್ಯ ಬೇಕಿದ್ದವರಿಗೆ ಇದು ಆಗಿಬರುವುದಿಲ್ಲ. ಬದುಕೇ ಬೇಡ ಅನ್ನುವಷ್ಟು ಮನಸ್ಸು ಕುಗ್ಗಿದ್ದರೆ ಎಲೆ, ಕೌದಿ ಎಲ್ಲ ಪಕ್ಕಕ್ಕಿಟ್ಟು ಡಾಕ್ಟರನ್ನು ನೋಡಿ, ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ನನಗೆ ಈಗಲೂ ವಾರಕ್ಕೊಂದು ಸಲ ಮೂರಕ್ಕೆ ಎಚ್ಚರ ಆಗುತ್ತದೆ. ಪಾಪ, ಇವಳಿಗೆ ನಿದ್ದೆ ಬರಲಿ ಅನ್ನುತ್ತೇನೆ. ಕೆಲವು ಸಲ ಬರುತ್ತದೆ, ಕೆಲವು ಸಲ ಎದ್ದು ಹಾಲು ಕಾಯಿಸುತ್ತೇನೆ.

ಆ 349ರ ನಕಲು ಕಟ್ಟನ್ನು ಎಸೆಯಲು ಮನಸ್ಸಾಗಲಿಲ್ಲ. ಕಲಿಯಲು ಬರುವ ಹುಡುಗಿ ಅದರ ಎಲೆಗಳಿಗೆ ಕುಚ್ಚಿನ ರೇಷ್ಮೆ ದಾರ ಸುತ್ತಿಡುತ್ತಾಳೆ. ಮೊನ್ನೆ ಮೆರೂನ್ ದಾರ ಬೇಕಾಗಿ ಡಬ್ಬ ತೆಗೆದರೆ, ಸುತ್ತಿದ್ದು 'ಕತ್ತಿ ಒಂಬತ್ತು' ಎಲೆಗೇ. ಮೇಲಿನ ಕತ್ತಿಗಳೆಲ್ಲ ದಾರದಡಿ ಸೇರಿಹೋಗಿ ಕೆಳಗೆ ಕೌದಿಯಷ್ಟೇ ಕಾಣುತ್ತಿತ್ತು. ನಾನು ನೋಡುತ್ತಾ ನಿಂತಿದ್ದು ನೋಡಿ ಅವಳಿಗೆ ಗಾಬರಿ.

"ಅಕ್ಕಾ, ಬಿಚ್ಚಿ ಬೇರೆ ಎಲೆಗೆ ಸುತ್ತಲಾ?"

"ಇರಲಿ ಬಿಡೇ" ಅಂದೆ.